ಎಲೆಯಗಲದ ರಣಭೂಮಿ: ಮುಮ್ಮಡಿ ಕೃಷ್ಣರಾಜ ಒಡೆಯರ ಆಟ ಮತ್ತು ಚಿತ್ರ

ಶ್ರೀರಂಗಪಟ್ಟಣದ ಕೋಟೆ 1799ರ ಮೇ 4ರಂದು ಬಿದ್ದಿತು. ಟಿಪ್ಪು ಸುಲ್ತಾನ್ ರಣದಲ್ಲಿ ಮಡಿದನು. ಎರಡು ತಿಂಗಳು ತುಂಬುವ ಮೊದಲೇ, ಜೂನ್ 30ರಂದು, ಮೈಸೂರಿನಲ್ಲಿ ಹಾಕಿದ ಚಪ್ಪರವೊಂದರ ಅಡಿಯಲ್ಲಿ ಇನ್ನೂ ಐದು ತುಂಬದ ಬಾಲಕನೊಬ್ಬನಿಗೆ ಪಟ್ಟ ಕಟ್ಟಲಾಯಿತು. ಪಟ್ಟಾಭಿಷೇಕಕ್ಕೆ ಅರಮನೆಯೇ ಇರಲಿಲ್ಲ; ಹಳೆಯ ಅರಮನೆ ಟಿಪ್ಪುವಿನ ಕಾಲದಲ್ಲೇ ನೆಲಸಮವಾಗಿತ್ತು. ಆ ಬಾಲಕನೇ ಮುಮ್ಮಡಿ ಕೃಷ್ಣರಾಜ ಒಡೆಯರು. ಖಾಸಾ ಚಾಮರಾಜ ಒಡೆಯರ ಮಗನಾಗಿ 1794ರ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ಅವರು ತಂದೆಯನ್ನು ಶೈಶವದಲ್ಲೇ ಕಳೆದುಕೊಂಡಿದ್ದರು. ಅವರ ಬೆನ್ನಿಗೆ ನಿಂತವರು ಇಮ್ಮಡಿ ಕೃಷ್ಣರಾಜರ ವಿಧವೆ ಲಕ್ಷ್ಮಮ್ಮಣ್ಣಿಯವರು. ಮನೆತನಕ್ಕೆ ಸಿಂಹಾಸನ ಮರಳಲೆಂದು ದಶಕಗಳ ಕಾಲ ಗುಟ್ಟಾಗಿ ಸಂಧಾನ ನಡೆಸಿದ ಹಿರಿಯ ರಾಣಿ ಅವರು.

ಸಿಂಹಾಸನ ಮರಳಿತು, ಆದರೆ ಅದರ ಜೊತೆಗೆ ಒಂದು ಒಪ್ಪಂದವೂ ಬಂದಿತು. ರಾಜ್ಯದ ರಕ್ಷಣೆಗೆ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಇರತಕ್ಕದ್ದು. ಅದರ ವೆಚ್ಚಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು ಕೊಡತಕ್ಕದ್ದು. ಸಿಲ್ಲೇದಾರರ ಕುದುರೆ ಪಡೆಯೊಂದು ಮೈಸೂರಿನ ಹೆಸರಿನಲ್ಲಿ ಉಳಿಯಿತಾದರೂ ಯಾರ ಮೇಲೆ ದಂಡೆತ್ತಿ ಹೋಗಬೇಕು, ಯಾರೊಡನೆ ಸಂಧಿ ಮಾಡಿಕೊಳ್ಳಬೇಕು ಎಂಬ ನಿರ್ಧಾರ ದೊರೆಯ ಕೈ ಬಿಟ್ಟುಹೋಯಿತು. ಚತುರಂಗ ಬಲವೆಂಬುದು ಬಿರುದಾವಳಿಯಲ್ಲಿ ಮಾತ್ರ ಉಳಿದ ರಾಜ್ಯವದು. ಮುಂದೆ ಈ ದೊರೆ ಆಟದ ಹಾಸಿನ ಮೇಲೂ ದುಂಡನೆಯ ಎಲೆಗಳ ಮೇಲೂ ಕೂಡಿಸಿದ ಆನೆ, ಕುದುರೆ, ಮಂತ್ರಿ, ದೇವತೆ, ದಾನವರ ಸೇನೆಯನ್ನು ನೋಡುವಾಗ ಈ ಒಪ್ಪಂದವನ್ನು ಮರೆಯಬಾರದು.

ಬಾಲ್ಯದ ಹನ್ನೊಂದು ವರ್ಷಗಳು ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಕಳೆದವು. ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ತೀರಿಕೊಂಡರು. ಅದರ ಆಸುಪಾಸಿನಲ್ಲೇ ಪೂರ್ಣಯ್ಯನವರು ಅಧಿಕಾರ ಬಿಟ್ಟುಕೊಟ್ಟರು. ಹದಿನಾರರ ಪ್ರಾಯದ ಅರಸರ ಕೈಗೆ ತುಂಬಿದ ಬೊಕ್ಕಸ ಬಂದಿತು. ಇಪ್ಪತ್ತು ವರ್ಷಗಳಲ್ಲಿ ಆ ಬೊಕ್ಕಸ ಬರಿದಾದುದು ನಿಜ. ದೇವಸ್ಥಾನಗಳಿಗೆ, ಪಂಡಿತರಿಗೆ, ಸಂಗೀತಗಾರರಿಗೆ, ಚಿತ್ರಗಾರರಿಗೆ ಹೋದ ಹಣ ಒಂದು ಕಡೆ. ಇಷ್ಟು ವಸೂಲಿ ಮಾಡಿಯೇ ತೀರುತ್ತೇವೆಂದು ಅಮಲ್ದಾರರಿಂದ ಬರೆಸಿಕೊಳ್ಳುವ ಶರ್ತಿ ಪದ್ಧತಿಯಲ್ಲಿ ಹಿಂಡಿಹೋದ ರೈತ ಇನ್ನೊಂದು ಕಡೆ. 1830ರಲ್ಲಿ ನಗರದ ಸೀಮೆಯ ರೈತರು ಕೂಟ ಸೇರಿ ದಂಗೆಯೆದ್ದರು. ಬೂದಿ ಬಸವಪ್ಪನೆಂಬವನು ತಾನೇ ನಗರದ ಅರಸನೆಂದು ಮುಂದೆ ನಿಂತನು. ದಂಗೆಯನ್ನು ಅಡಗಿಸಲು ಕಂಪನಿಯ ಸೇನೆ ಬರಬೇಕಾಯಿತು. ಬಂದ ಸೇನೆ ಬರಿಗೈಯಲ್ಲಿ ಹಿಂದಿರುಗಲಿಲ್ಲ. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಮೈಸೂರಿನ ಆಡಳಿತವನ್ನೇ ವಹಿಸಿಕೊಂಡನು. ಅಬ್ಬರದ ದೂರುಗಳನ್ನು ನಂಬಿ ಇಷ್ಟು ದೊಡ್ಡ ಹೆಜ್ಜೆ ಇಡಲಾಯಿತೆಂಬುದು ಆ ಮೇಲೆ ನಡೆದ ವಿಚಾರಣೆಯಲ್ಲಿ ತಕ್ಕಮಟ್ಟಿಗೆ ಹೊರಬಂದಿತಾದರೂ ರಾಜ್ಯ ಮರಳಲಿಲ್ಲ.

ಅರಸರಿಗೆ ಆಗ ಮೂವತ್ತೇಳು ವರ್ಷ. ಅರಮನೆ, ದಸರೆಯ ದರ್ಬಾರು, ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಆದಾಯದ ಐದನೆಯ ಒಂದು ಪಾಲು, ಇಷ್ಟು ಅವರಿಗೆ ಉಳಿಯಿತು. ಕಚೇರಿಗಳು ಬೆಂಗಳೂರಿಗೆ ಹೋದವು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಬೆಂಗಳೂರಿನಿಂದ ರಾಜ್ಯವಾಳಿದನು. ಮೈಸೂರಿನಲ್ಲಿ ಸಿಂಹಾಸನದ ಮೇಲೆ ಕುಳಿತವರು ಆಳುತ್ತಿರಲಿಲ್ಲ. ಬೆಂಗಳೂರಿನಲ್ಲಿ ಆಳುತ್ತಿದ್ದವನಿಗೆ ಸಿಂಹಾಸನವಿರಲಿಲ್ಲ. ಅರಸರು ಆ ಬಳಿಕ ಮೂವತ್ತಾರು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ರಾಜ್ಯವನ್ನು ಮರಳಿ ಕೊಡಬೇಕೆಂದು ಕಲ್ಕತ್ತೆಗೂ ಲಂಡನ್ನಿಗೂ ಎಡೆಬಿಡದೆ ಬರೆದರು. ಉಳಿದ ಹೊತ್ತಿನಲ್ಲಿ ಅವರು ಮಾಡಿದ ಕೆಲಸವೇ ಇಲ್ಲಿನ ವಿಷಯ.

ಕನ್ನಡ ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಆಸ್ಥಾನ ಹೊಸದಲ್ಲ. ಕೆಂಪುನಾರಾಯಣನ ಮುದ್ರಾಮಂಜೂಷ 1823ರಲ್ಲಿ ಹುಟ್ಟಿದ್ದು ಈ ಅರಸರ ಆಶ್ರಯದಲ್ಲಿ. ಅಳಿಯ ಲಿಂಗರಾಜನು ಇದೇ ಅರಮನೆಯ ಕವಿ. ಮುಂದೆ ಶಾಕುಂತಲವನ್ನು ಕನ್ನಡಕ್ಕೆ ತಂದ ಬಸವಪ್ಪ ಶಾಸ್ತ್ರಿಗಳು ಎಳೆಯರಾಗಿದ್ದಾಗ ಇಲ್ಲಿಯೇ ಪೋಷಣೆ ಪಡೆದರು. ಸೌಗಂಧಿಕಾಪರಿಣಯ ಮೊದಲಾದ ಹಲವು ಕೃತಿಗಳು ಅರಸರ ಹೆಸರಿನಲ್ಲೇ ಇವೆ. ಅವುಗಳಲ್ಲಿ ಎಷ್ಟು ಅರಸರದು, ಎಷ್ಟು ಪಂಡಿತರದು ಎಂಬ ಚರ್ಚೆ ಹಳೆಯದು. ಆಸ್ಥಾನ ಸಾಹಿತ್ಯದ ಎಲ್ಲ ಕಾಲದಲ್ಲೂ ಏಳುವ ಚರ್ಚೆ ಅದು. ಆದರೆ ಸಾಹಿತ್ಯ ಚರಿತ್ರೆಗಳು ಆಶ್ರಯದಾತನೆಂದು ಒಂದು ಪುಟ ಬರೆದು ಮುಂದೆ ಹೋಗುತ್ತವೆ. ರಾಜಕೀಯ ಚರಿತ್ರೆಗಳು ದುಂದುಗಾರನೆಂದು ಅರ್ಧ ಪುಟ ಬರೆಯುತ್ತವೆ. ಈ ಎರಡರ ನಡುವೆ ಬಿದ್ದುಹೋದದ್ದು ಅವರು ಆಟಗಳ ಮೇಲೆ ಇಟ್ಟ ದುಡಿಮೆ. ರಾಜ್ಯ ಕಳೆದುಕೊಂಡವನು ಆಟವಾಡುತ್ತ ಕುಳಿತನೆಂದು ಹೇಳಿ ಮುಗಿಸುವುದು ಸುಲಭ. ಆ ಆಟಗಳ ಬರಹವನ್ನೂ ಚಿತ್ರಗಳನ್ನೂ ಎದುರಿಗಿಟ್ಟುಕೊಂಡವರಿಗೆ ಅಷ್ಟು ಸುಲಭವಾಗಿ ಮುಗಿಸಲು ಬರುವುದಿಲ್ಲ.

ಮೊದಲು ಚದುರಂಗ. ಕನ್ನಡ ನಾಡಿನ ಅರಸರಿಗೂ ಈ ಆಟಕ್ಕೂ ನಂಟು ಹಳೆಯದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಬರೆದ ಮಾನಸೋಲ್ಲಾಸದಲ್ಲಿ ಚತುರಂಗದ ವಿವರಗಳಿವೆ. ಸೊಲ್ಲಾಪುರ, ಮಂಗಳವೇಢೆಗಳ ಸೀಮೆ ಆಗ ಅವನ ಆಳ್ವಿಕೆಗೆ ಸೇರಿತ್ತು. ನಂದೇಶ್ವರದ ಸುತ್ತಿನ ನೆಲಕ್ಕೆ ಆ ಗ್ರಂಥ ಹೊರನಾಡಿನದಲ್ಲ. ಅದೇ ಗ್ರಂಥದಲ್ಲಿ ಗೋಡೆಗೆ ಗಾರೆ ಬಳಿಯುವುದು, ವಜ್ರಲೇಪವೆಂಬ ಅಂಟನ್ನು ಕಾಯಿಸುವುದು, ಕರುವಿನ ಕಿವಿಯ ಕೂದಲಿನಿಂದ ಕುಂಚ ಕಟ್ಟುವುದು, ಬಣ್ಣ ಬೆರೆಸುವುದು ಎಲ್ಲವೂ ಇದೆ. ಆಟವನ್ನೂ ಚಿತ್ರವನ್ನೂ ರಾಜನು ತಿಳಿಯಬೇಕಾದ ವಿದ್ಯೆಗಳೆಂದು ಒಂದೇ ಗ್ರಂಥದಲ್ಲಿ ಇಟ್ಟ ಕನ್ನಡ ನಾಡಿನ ದೊರೆ ಅವನು. ಏಳು ನೂರು ವರ್ಷಗಳ ಬಳಿಕ ಮೈಸೂರಿನ ಅರಸರು ಹಿಡಿದದ್ದು ಅದೇ ದಾರಿ.

ಕೃಷ್ಣರಾಜರನ್ನು ಚದುರಂಗದಲ್ಲಿ ಸೆಳೆದದ್ದು ಎದುರಾಳಿಯನ್ನು ಸೋಲಿಸುವುದಕ್ಕಿಂತ ಹೆಚ್ಚಾಗಿ ಕುದುರೆಯ ನಡೆ. ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ ಸರಿಯುತ್ತದೆ. ಈ ಕುಂಟು ನಡೆಯಲ್ಲೇ ಹಾಸಿನ 64 ಮನೆಗಳನ್ನೂ, ಒಂದನ್ನೂ ಬಿಡದೆ, ಒಂದಕ್ಕೂ ಎರಡನೆಯ ಬಾರಿ ಕಾಲಿಡದೆ ಸುತ್ತಿ ಬರಬೇಕು. ಸಂಸ್ಕೃತ ಕವಿಗಳಿಗೆ ಇದು ಹಳೆಯ ಪರಿಚಯ. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿ ತುರಗಪದವೆಂಬ ಚಿತ್ರಬಂಧವಿದೆ. ವೇದಾಂತ ದೇಶಿಕರ ಪಾದುಕಾಸಹಸ್ರದಲ್ಲಿಯೂ ಅಂಥ ಬಂಧವಿದೆ. ಮನೆಗೊಂದು ಅಕ್ಷರ ಬರೆದಿಟ್ಟು, ಕುದುರೆಯ ನಡೆಯಲ್ಲಿ ಓದಿದರೆ ಪದ್ಯ ಮೂಡಬೇಕು. ಅಲಂಕಾರಶಾಸ್ತ್ರ ಓದುವಾಗ ಚಿತ್ರಕಾವ್ಯವನ್ನು ಬರಿಯ ಕಸರತ್ತೆಂದು ದಾಟಿಹೋಗುವ ರೂಢಿಯಿದೆ. ಅದರೊಳಗೆ ಗಣಿತವಿದೆಯೆಂಬುದನ್ನು ಈ ಅರಸರು ಕಂಡರು.

ಅಕ್ಷರದ ಜಾಗದಲ್ಲಿ ಅಂಕಿಯನ್ನಿಡಿ. ಕುದುರೆ ಹೊರಟ ಮನೆಗೆ 1, ಮುಂದಿನದಕ್ಕೆ 2, ಹೀಗೆ 64ರವರೆಗೆ. ಸುತ್ತು ಮುಗಿದ ಮೇಲೆ ಯಾವ ಅಡ್ಡಸಾಲನ್ನು ಕೂಡಿದರೂ, ಯಾವ ಉದ್ದಸಾಲನ್ನು ಕೂಡಿದರೂ 260 ಬರಬೇಕು. ಇದು ಸಾಮಾನ್ಯ ಸಂಗತಿಯಲ್ಲ. ಯೂರೋಪಿನಲ್ಲಿ ಇಂಥ ನಡೆಯೊಂದು ಮೊದಲಿಗೆ ಪ್ರಕಟವಾದದ್ದು 1848ರಲ್ಲಿ. ಹೆಚ್ಚುಕಡಿಮೆ ಅದೇ ಕಾಲಮಾನದಲ್ಲಿ ಮೈಸೂರಿನ ಅರಮನೆಯಲ್ಲಿ ಇದೇ ಕೆಲಸ ಸಾಗಿತ್ತು. ಕೃಷ್ಣರಾಜರು ಹಾಸನ್ನು ಹಿಗ್ಗಿಸಿದರು. ಹನ್ನೆರಡು ಸಾಲುಗಳ, 144 ಮನೆಗಳ ಹಾಸಿನ ಮೇಲೆ, ಪ್ರತಿ ಸಾಲಿನ ಮೊತ್ತವೂ 870 ಆಗುವಂತೆ ಕುದುರೆಯನ್ನು ನಡೆಸಿದರು. ಚದುರಂಗದ ಗಣಿತದ ಚರಿತ್ರೆ ಬರೆದವರು ಇಂದಿಗೂ ಆ ನಡೆಯನ್ನು ಮೈಸೂರಿನ ದೊರೆಯ ಹೆಸರಿನಲ್ಲೇ ಗುರುತಿಸುತ್ತಾರೆ. ಆಡಳಿತಕ್ಕೆ ಅನರ್ಹನೆಂದು ಕಂಪನಿಯ ಕಾಗದಪತ್ರಗಳಲ್ಲಿ ಬರೆಸಿಕೊಂಡ ವ್ಯಕ್ತಿ ಕುಳಿತು ಮಾಡಿದ ಲೆಕ್ಕ ಇದು.

ಚದುರಂಗದಲ್ಲಿ ಕಾಯಿಗಳು ಮರದ್ದೋ ದಂತದ್ದೋ ಆಗಿರುತ್ತವೆ. ಅಲ್ಲಿ ಕೆತ್ತನೆಗಾರನ ಕೆಲಸ ಹೆಚ್ಚು. ಬಣ್ಣದವನ ಕೆಲಸ ಕಾಣುವುದು ಗಂಜೀಫದಲ್ಲಿ. ಪರ್ಷಿಯದ ಕಡೆಯಿಂದ ಬಂದ ಈ ಎಲೆಯಾಟವನ್ನು ಬಾಬರನು 1527ರಲ್ಲಿಯೇ ತನ್ನ ದಿನಚರಿಯಲ್ಲಿ ನೆನೆದಿದ್ದಾನೆ. ಅಕ್ಬರನ ಕಾಲದ ಆಟವೊಂದನ್ನು ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ವಿವರಿಸಿದ್ದಾನೆ. ಹನ್ನೆರಡು ಬಣಗಳು, 144 ಎಲೆಗಳು. ಅಶ್ವಪತಿ, ಗಜಪತಿ, ನರಪತಿಗಳು ಅದರಲ್ಲಿದ್ದರು. ಅವರ ಜೊತೆಗೆ ಸುರಪತಿ, ಜಿನ್ನುಗಳ ಒಡೆಯನಾದ ಅಸುರಪತಿ, ಕಾಡುಮೃಗಗಳ ವನಪತಿ, ಹಾವುಗಳ ಅಹಿಪತಿಯರೂ ಇದ್ದರು. ಸೈನ್ಯದ ಸಾಲಿನಲ್ಲಿ ಭೂತ, ಸರ್ಪ, ಮೃಗಗಳನ್ನು ನಿಲ್ಲಿಸುವ ಕಲ್ಪನೆ ಹಾಗಾದರೆ ತೀರ ಹೊಸದೇನಲ್ಲ. ಬರಬರುತ್ತ ಹಿಂದೂ ಆಸ್ಥಾನಗಳಲ್ಲಿ ದಶಾವತಾರ ಗಂಜೀಫ ನೆಲೆಗೊಂಡಿತು. ಅವತಾರಕ್ಕೊಂದು ಬಣ, ಬಣಕ್ಕೆ ಹನ್ನೆರಡು ಎಲೆ, ಒಟ್ಟು 120. ಪ್ರತಿ ಬಣದಲ್ಲೂ ರಾಜ ಮತ್ತು ಮಂತ್ರಿ, ಉಳಿದ ಹತ್ತು ಅಂಕಿಯ ಎಲೆಗಳು. ಹಗಲಿನಲ್ಲಿ ಆಡಿದರೆ ರಾಮನ ಎಲೆಯಿಂದ ಆಟ ಆರಂಭ, ರಾತ್ರಿಯಾದರೆ ಕೃಷ್ಣನಿಂದ. ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಈ ಎಲೆಗಳನ್ನು ಇಂದಿಗೂ ಕೈಯಿಂದ ಬಿಡಿಸುತ್ತಾರೆ. ಅಲ್ಲಿನ ರಾಜಮನೆತನವು 1970ರ ದಶಕದಲ್ಲಿ ಕಲೆ ನಂದಿಹೋಗದಂತೆ ಕೈ ಹಿಡಿಯಿತು.

ಮೈಸೂರಿನ ಅರಸರಿಗೆ 120 ಎಲೆ ಸಾಲಲಿಲ್ಲ. ಅವರು ಹದಿಮೂರು ಬಗೆಯ ಆಟಗಳನ್ನು ಕಲ್ಪಿಸಿದರು, ಅವಕ್ಕೆ ಛದಗಳೆಂದು ಹೆಸರಿಟ್ಟರು. ಛದವೆಂದರೆ ಸಂಸ್ಕೃತದಲ್ಲಿ ಎಲೆ. ಇಸ್ಪೀಟಿನ ಎಲೆ ಎನ್ನುವ ಕನ್ನಡದ ಆಡುಮಾತನ್ನೇ ಪಂಡಿತರ ಮಾತಿಗೆ ತಿರುಗಿಸಿದಂತಿದೆ. ಅವುಗಳಲ್ಲಿ ಕೃಷ್ಣರಾಜ ಛದ ಚಿಕ್ಕ ಆಟಗಳಲ್ಲೊಂದು. ನಾಲ್ಕು ಬಣ, 72 ಎಲೆ. ನವಗ್ರಹ, ದಿಕ್ಪಾಲ, ಪಂಚಪಾಂಡವ ಮೊದಲಾದ ಛದಗಳು ನಡುವಿನವು. ಚಾಮುಂಡೇಶ್ವರೀ ಛದದಲ್ಲಿ ಹದಿನಾರು ಬಣ, 320 ಎಲೆ. ಜಗನ್ಮೋಹನ ಛದದಲ್ಲಿ ಹದಿನೆಂಟು ಬಣ, 360 ಎಲೆ. ಎಲೆಯೊಂದಕ್ಕೆ ಒಂದು ದಿನದಂತೆ ಬಿಡಿಸಿದರೂ ಜಗನ್ಮೋಹನ ಛದದ ಒಂದು ಕಟ್ಟಿಗೆ ಹೆಚ್ಚುಕಡಿಮೆ ಒಂದು ವರ್ಷ ಬೇಕು.

ಎಲೆ ಸಿದ್ಧವಾಗುವ ಬಗೆಯೇ ಒಂದು ದೀರ್ಘ ಕೆಲಸ. ಕಾಗದವನ್ನೋ ಬಟ್ಟೆಯನ್ನೋ ಪದರ ಪದರವಾಗಿ ಹುಣಸೆ ಬೀಜದ ಅಂಟಿನಿಂದ ಅಂಟಿಸಿ, ಒಣಗಿಸಿ, ದುಂಡಗೆ ಕತ್ತರಿಸುತ್ತಾರೆ. ಮೇಲೆ ಬಿಳಿಯ ಸುದ್ದೆಯ ಲೇಪ ಕೊಟ್ಟು ನುಣುಪಾದ ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತರುತ್ತಾರೆ. ಬಿಳಿಯ ಈ ಹಾಸು ಸರಿಯಾಗಿರದಿದ್ದರೆ ಮುಂದಿನದೆಲ್ಲ ವ್ಯರ್ಥ. ಬಣ್ಣ ಹೀರಿಕೊಂಡು ಮಂಕಾಗುತ್ತದೆ, ಗೆರೆ ಒಡೆಯುತ್ತದೆ. ಆ ಮೇಲೆ ಬಣದ ಬಣ್ಣವನ್ನು ಇಡೀ ಎಲೆಗೆ ಬಳಿಯಬೇಕು. ಆಡುವವನು ಕೈಯಲ್ಲಿ ಎಲೆಗಳನ್ನು ಬೀಸಣಿಗೆಯಂತೆ ಬಿಚ್ಚಿದಾಗ ಅಂಚು ಮಾತ್ರ ಕಾಣುವುದರಿಂದ ನೆಲದ ಬಣ್ಣವೇ ಬಣದ ಗುರುತು. ನೆಲದ ಮೇಲೆ ಮೂರ್ನಾಲ್ಕು ಬೆರಳಗಲದ ಜಾಗದಲ್ಲಿ ದೇವತೆ, ವಾಹನ, ಆಯುಧ, ಪರಿವಾರ ಎಲ್ಲವೂ ಕೂಡಬೇಕು. ಇಂಗಲೀಕದ ಕೆಂಪು, ಹರಿತಾಳದ ಹಳದಿ, ಗಿಡದ ನೀಲಿ, ದೀಪದ ಕಾಡಿಗೆಯ ಕಪ್ಪು. ಎಲ್ಲಕ್ಕೂ ಗೋಂದಿನ ಬಂಧ. ಕುಂಚ ಅಳಿಲಿನ ಕೂದಲಿನದು. ಕೊನೆಗೆ ಅರಗಿನ ಮೆರುಗು ಕೊಟ್ಟರೆ ಕೈಯ ಬೆವರಿಗೆ ಬಣ್ಣ ಬಿಡುವುದಿಲ್ಲ. ಮೈಸೂರು ಶೈಲಿಯ ದೊಡ್ಡ ಚಿತ್ರಗಳಲ್ಲಿ ಒಡವೆಗಳನ್ನು ತುಸು ಉಬ್ಬಿಸಿ ಬಂಗಾರದ ರೇಕು ಕೂರಿಸುವ ವಾಡಿಕೆಯಿದೆ. ಎಲೆಗಳಲ್ಲಿ ಉಬ್ಬಿಗೆ ಎಡೆಯಿಲ್ಲ. ಒಂದರ ಮೇಲೊಂದು ಜಾರಬೇಕಾದ ವಸ್ತುವಾದ್ದರಿಂದ ಎಲ್ಲವನ್ನೂ ಗೆರೆಯಲ್ಲೇ ಹೇಳಬೇಕು.

ಈ ಕುಶಲಿಗಳು ಚಿತ್ರಗಾರ ಮನೆತನಗಳವರು. ವಿಜಯನಗರ 1565ರಲ್ಲಿ ಬಿದ್ದ ಬಳಿಕ ಅಲ್ಲಿಂದ ಚದುರಿ ಬಂದವರಲ್ಲಿ ಕೆಲವರಿಗೆ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ನೆಲೆ ಕೊಟ್ಟರೆಂಬುದು ಮೈಸೂರು ಚಿತ್ರಕಲೆಯ ಮೂಲದ ಕಥೆ. ಹದಿನೆಂಟನೆಯ ಶತಮಾನದ ಯುದ್ಧಗಳಲ್ಲಿ ಮತ್ತೆ ಚದುರಿದ್ದ ಈ ಮನೆತನಗಳನ್ನು ಕೃಷ್ಣರಾಜರು ಕೂಡಿಸಿದರು. ಗ್ರಂಥಗಳ ಮೇಲೆ ದೊರೆಯ ಹೆಸರಿದೆ. ಎಲೆಗಳ ಮೇಲೆ ದೇವತೆಯ ಹೆಸರಿದೆ. ಕುಂಚ ಹಿಡಿದವನ ಹೆಸರಿಗೆ ಎಲ್ಲಿಯೂ ಜಾಗ ಬಿಟ್ಟಿಲ್ಲ. ಈ ಆಸ್ಥಾನದ ಔದಾರ್ಯವನ್ನು ಹೊಗಳುವಾಗ ಈ ಕೊರತೆಯನ್ನೂ ಹೇಳಬೇಕಾಗುತ್ತದೆ.

ಆಟದ ದೇವತೆಗಳು ಬೇಕಾಬಿಟ್ಟಿ ಕಲ್ಪನೆಯಲ್ಲ. ಅವುಗಳ ಹಿಂದೆ ಶ್ರೀತತ್ತ್ವನಿಧಿಯೆಂಬ ಬೃಹತ್ ಗ್ರಂಥವಿದೆ. ಸಂಸ್ಕೃತ ಶ್ಲೋಕಗಳು, ಕನ್ನಡ ಲಿಪಿ, ಶ್ಲೋಕದ ಜೊತೆಗೆ ಬಣ್ಣದ ಚಿತ್ರ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂದು ಒಂಬತ್ತು ನಿಧಿಗಳು. ಪುರಾಣ, ಆಗಮ, ತಂತ್ರಗಳಲ್ಲಿ ಚೆಲ್ಲಿಹೋಗಿದ್ದ ಧ್ಯಾನಶ್ಲೋಕಗಳನ್ನು ಆಸ್ಥಾನದ ಪಂಡಿತರು ಆಯ್ದು ತಂದರು. ಧ್ಯಾನಶ್ಲೋಕವೆಂದರೆ ಭಕ್ತನಿಗೆ ಧ್ಯಾನದ ನೆರವು. ಚಿತ್ರಗಾರನಿಗೆ ಅದು ಕೆಲಸದ ಆದೇಶ. ಮೈಬಣ್ಣ ಯಾವುದು, ತೋಳು ಎಷ್ಟು, ಯಾವ ಕೈಯಲ್ಲಿ ಯಾವ ಆಯುಧ, ವಾಹನ ಯಾವುದು, ಮುಖ ಶಾಂತವೋ ಉಗ್ರವೋ, ಎಲ್ಲವೂ ಅದರಲ್ಲಿ ಅಡಕ. ಛದಗಳ ವಿವರಣೆ ಬರುವುದು ಕೊನೆಯ ಕೌತುಕನಿಧಿಯಲ್ಲಿ. ಮೊದಲ ಎಂಟು ನಿಧಿಗಳಲ್ಲಿ ದೇವಲೋಕವನ್ನು ಕ್ರಮವಾಗಿ ಕೂಡಿಸಿದ ಗ್ರಂಥ ಒಂಬತ್ತನೆಯದರಲ್ಲಿ ಅದನ್ನು ಆಟಕ್ಕಿಳಿಸುತ್ತದೆ.

ಭೀಕರವನ್ನು ಚಿಕ್ಕದಾಗಿ ಬಿಡಿಸುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಸೌಮ್ಯ ದೇವತೆಯ ಚಿತ್ರ ಕಿರಿದಾದರೂ ಅಂದ ಕೆಡುವುದಿಲ್ಲ. ಭೈರವನೋ ವೀರಭದ್ರನೋ ಹಿರಣ್ಯಕಶಿಪುವಿನ ಕರುಳು ಬಗೆಯುವ ನರಸಿಂಹನೋ ಕಿರಿದಾದರೆ ಗೊಂಬೆಯಾಗುವ ಅಪಾಯವಿದೆ. ಮೈಯೆಲ್ಲ ಎಲುಬಾಗಿ, ರುಂಡಮಾಲೆ ತೊಟ್ಟು, ಹೆಣದ ಮೇಲೆ ಕುಳಿತ ಚಾಮುಂಡೆಯನ್ನು ಬೆರಳಗಲದಲ್ಲಿ ಬಿಡಿಸಿದರೆ ಭಯ ಹುಟ್ಟುವುದೆಲ್ಲಿಂದ? ಮೈಸೂರಿನ ಚಿತ್ರಗಾರರು ಇದಕ್ಕೆ ಕಂಡುಕೊಂಡ ದಾರಿ ಅಬ್ಬರದ್ದಲ್ಲ. ಉಗ್ರಮೂರ್ತಿಯ ಅಂಗಾಂಗಗಳನ್ನೂ ಶಾಂತಮೂರ್ತಿಯದರಷ್ಟೇ ತಣ್ಣಗೆ, ಅಷ್ಟೇ ಚೊಕ್ಕವಾಗಿ ಬಿಡಿಸುತ್ತಾರೆ. ಕಪ್ಪು ಮೈಗೆ ತಿಳಿಯ ನೆಲ, ಕೆಂಪು ಮೈಗೆ ಹಸಿರು ನೆಲ. ಕಪ್ಪು ಮೈಯ ಮೇಲೆ ಬಿಳಿಯ ಒಂದು ಚುಕ್ಕೆ ಕೋರೆಹಲ್ಲಾಗುತ್ತದೆ. ದುಂಡಗೆ ತೆರೆದ ಕಣ್ಣಿನ ಸುತ್ತ ಕೆಂಪಿನ ಎಳೆ ಸಿಟ್ಟಾಗುತ್ತದೆ. ಆಯುಧಗಳನ್ನು ಹಿಡಿದ ಅನೇಕ ತೋಳುಗಳು ಒಂದರ ಮೇಲೊಂದು ಬೀಳದೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ನೋಡುವವನು ಎಲೆಯನ್ನು ಕಣ್ಣಿನ ಹತ್ತಿರ ಹಿಡಿಯಲೇಬೇಕು. ಹತ್ತಿರ ಹಿಡಿದಾಗ ಭೀಕರವೂ ಹತ್ತಿರ ಬರುತ್ತದೆ. ದೊಡ್ಡ ಗೋಡೆಯ ಚಿತ್ರಕ್ಕೆ ಇಲ್ಲದ ಅನುಕೂಲ ಇದು.

ಇಲ್ಲಿ ಹೊರಜಗತ್ತಿನ ಕಡೆಗೊಮ್ಮೆ ನೋಡಬಹುದು. ಕೃಷ್ಣರಾಜರು ಆಳುತ್ತಿದ್ದ ವರ್ಷಗಳಲ್ಲೇ ಪ್ರಷ್ಯದಲ್ಲಿ ಯುದ್ಧದ ಆಟವೊಂದು ರೂಪುಗೊಳ್ಳುತ್ತಿತ್ತು. ರೈಸ್ವಿಟ್ಸ್ ಎಂಬವನು 1812ರಲ್ಲಿ ಅದನ್ನು ಅಲ್ಲಿನ ದೊರೆಗೆ ತೋರಿಸಿದನು. ಅವನ ಮಗ 1824ರಲ್ಲಿ ನಿಯಮಗಳನ್ನು ಅಚ್ಚು ಹಾಕಿಸಿದನು. ಅದಕ್ಕೂ ಮೊದಲು, 1780ರಲ್ಲಿ, ಹೆಲ್ವಿಗ್ ಎಂಬವನು ಚದುರಂಗವನ್ನೇ ಹಿಗ್ಗಿಸಿ ಸೇನಾವ್ಯೂಹದ ಆಟ ಮಾಡಿದ್ದನು. ಪ್ರಷ್ಯದ ಅಧಿಕಾರಿಗಳಿಗೆ ಆಟವು ಮುಂದಿನ ನಿಜವಾದ ಯುದ್ಧದ ತಾಲೀಮು. 1913ರಲ್ಲಿ ಎಚ್. ಜಿ. ವೆಲ್ಸ್ ತಗಡು, ಸೀಸದ ಸಿಪಾಯಿಗಳಿಂದ ಆಡುವ ಆಟದ ಬಗ್ಗೆ ಪುಸ್ತಕ ಬರೆದನು. 1983ರಲ್ಲಿ ಇಂಗ್ಲೆಂಡಿನಲ್ಲಿ ಬಂದ ವಾರ್‌ಹ್ಯಾಮರ್ ಎಂಬ ಆಟದಲ್ಲಿ ಸಿಪಾಯಿಗಳ ಜೊತೆಗೆ ಪ್ರೇತ, ಪಿಶಾಚ, ರಾಕ್ಷಸರು ಸೇರಿದರು. ಇಂದು ದೇಶವಿದೇಶದ ತರುಣರು ಬೆರಳುದ್ದದ ಅಂಥ ಗೊಂಬೆಗಳನ್ನು ಕೊಂಡು, ಮೊದಲೊಂದು ತೆಳುಲೇಪ ಕೊಟ್ಟು, ಮೈಬಣ್ಣ ಬಳಿದು, ನೆರಳು ತುಂಬಿ, ಮೊನಚು ಕುಂಚದಿಂದ ಕಣ್ಣು ಬಿಡಿಸಿ ತಮ್ಮ ಸೇನೆ ಕಟ್ಟುತ್ತಾರೆ. ಮೈಸೂರಿನ ಚಿತ್ರಗಾರನನ್ನು ಅವರ ನಡುವೆ ಕೂರಿಸಿದರೆ ಕೆಲಸದ ಕ್ರಮ ಅವನಿಗೆ ಅಪರಿಚಿತವೆನಿಸದು. ಆದರೆ ಮೈಸೂರಿನ ಆಟ ಪ್ರಷ್ಯದ ಆಟದ ಬಂಧುವಲ್ಲ. ಪ್ರಷ್ಯದಲ್ಲಿ ಆಟದ ಬೆನ್ನಿಗೆ ಸೇನೆಯಿತ್ತು. ಮೈಸೂರಿನಲ್ಲಿ ಸೇನೆ ಇದ್ದುದು ಆಟದಲ್ಲಿಯೇ.

ಹಾಗೆಂದು ಈ ಆಟಗಳನ್ನು ಕೇವಲ ಕಳೆದುಹೋದ ರಾಜ್ಯದ ಪಡಿಯಚ್ಚೆಂದು ಓದುವುದು ಪೂರ್ತಿ ಸರಿಯಾಗದು. ಅರಸರಿಗೆ ಚಾಮುಂಡೇಶ್ವರಿ ಕುಲದೇವತೆ. ಮಹಿಷನನ್ನು ಕೊಂದ ಯುದ್ಧ ಅವರಿಗೆ ದಸರೆಯಲ್ಲಿ ವರ್ಷವರ್ಷವೂ ಮರಳಿ ಬರುವ ಸತ್ಯ. ಅವರು ರೂಪಿಸಿದ ದೇವೀಸಾಯುಜ್ಯವೆಂಬ ಹಾಸಿನ ಆಟದಲ್ಲಿ ಆಟಗಾರನು ಮನೆಯಿಂದ ಮನೆಗೆ ಸಾಗಿ ಕೊನೆಗೆ ದೇವಿಯ ಸನ್ನಿಧಿ ಸೇರಬೇಕು. ಗೆಲುವೆಂದರೆ ಅಲ್ಲಿ ಎದುರಾಳಿಯ ಸೋಲಲ್ಲ. ಆಟ, ಪೂಜೆ, ಗಣಿತ, ಚಿತ್ರ ಇವು ಬೇರೆ ಬೇರೆ ಕೋಣೆಗಳೆಂದು ಆ ಅರಮನೆ ಎಣಿಸಿರಲಿಲ್ಲ. ಕೌತುಕನಿಧಿಯಲ್ಲಿ ಛದಗಳ ಜೊತೆಯಲ್ಲೇ 122 ಯೋಗಾಸನಗಳ ಚಿತ್ರಗಳಿವೆ. ಯೋಗದ ಚರಿತ್ರೆ ಬರೆಯುವವರು ಇತ್ತೀಚಿನ ದಶಕಗಳಲ್ಲಿ ಆ ಪುಟಗಳನ್ನು ಹುಡುಕಿಕೊಂಡು ಬಂದಿದ್ದಾರೆ. ಅದೇ ನಿಧಿಯಲ್ಲಿರುವ ಆಟಗಳ ಪುಟಗಳಿಗೆ ಅಷ್ಟು ಮಂದಿ ಓದುಗರು ಇನ್ನೂ ಸಿಕ್ಕಿಲ್ಲ.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. 360 ಎಲೆಗಳ ಆಟ ಜನರ ಆಟವಾಗಲಿಲ್ಲ. ದಶಾವತಾರದ 120 ಎಲೆಗಳನ್ನು ನೆನಪಿನಲ್ಲಿಡುವುದೇ ನುರಿತವರ ಕೆಲಸ. ಹದಿನೆಂಟು ಬಣಗಳ ಬಲಾಬಲವನ್ನು ತಲೆಯಲ್ಲಿಟ್ಟುಕೊಂಡು ಆಡಬಲ್ಲವರು ಅರಮನೆಯ ಒಳಗೂ ಬೆರಳೆಣಿಕೆಯವರೇ ಇದ್ದಿರಬೇಕು. ಇಂಗ್ಲೆಂಡಿನಿಂದ ಬಂದ 52 ಎಲೆಯ ಅಚ್ಚಿನ ಇಸ್ಪೀಟು ಅಗ್ಗವಾಗಿತ್ತು, ಕಲಿಯಲು ಸುಲಭವಾಗಿತ್ತು. ಅದರ ಮುಂದೆ ಕೈಯಿಂದ ಬಿಡಿಸಿದ ಎಲೆ ನಿಲ್ಲಲಾರದಾಯಿತು. ಛದಗಳ ನಿಜವಾದ ಪ್ರಯೋಜನ ಕಂಡವರು ಆಟಗಾರರಿಗಿಂತ ಹೆಚ್ಚಾಗಿ ಚಿತ್ರಗಾರರೇ. ಒಂದು ಕಟ್ಟಿನಲ್ಲಿ ನೂರಾರು ಚಿತ್ರ. ತಂದೆ ರೇಖೆ ಎಳೆದರೆ ಮಗ ನೆಲ ಬಳಿಯುತ್ತ ಕೈ ಪಳಗಿಸಿಕೊಳ್ಳಬಹುದಾದ ಕೆಲಸ ಅದು. ಆದರೆ ಆ ಸಂಬಳದ ಹಣ ಬಂದದ್ದು ಎಲ್ಲಿಂದ ಎಂದು ನಗರದ ರೈತನು ಕೇಳಿದ್ದರೆ ಅದಕ್ಕೆ ಆಸ್ಥಾನದ ಬಳಿ ಚೆಲುವಾದ ಉತ್ತರವೇನೂ ಇರಲಿಲ್ಲ.

ಮುಪ್ಪಿನಲ್ಲಿ ಅರಸರನ್ನು ಕಾಡಿದ ಚಿಂತೆ ಉತ್ತರಾಧಿಕಾರದ್ದು. ಔರಸ ಪುತ್ರರಿಲ್ಲದ ರಾಜ್ಯಗಳನ್ನು ಕಂಪನಿ ಒಂದೊಂದಾಗಿ ನುಂಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಸತಾರ ಹೋದದ್ದು 1848ರಲ್ಲಿ, ಝಾನ್ಸಿ 1854ರಲ್ಲಿ. 1857ರ ಬಂಡಾಯದಲ್ಲಿ ಅವರು ಬ್ರಿಟಿಷರ ಕಡೆಗೇ ನಿಂತರು. 1861ರಲ್ಲಿ ಜಗನ್ಮೋಹನ ಅರಮನೆ ಕಟ್ಟಿಸಿದರು. ಅದರ ಗೋಡೆಗಳ ಮೇಲೆ ತಮ್ಮ ವಂಶವನ್ನು ತಾವರೆಯ ಎಸಳುಗಳಲ್ಲಿ ಹರಡಿದ ಸಂತಾನಾಂಬುಜವನ್ನೂ, ತಾವು ಕಲ್ಪಿಸಿದ ಆಟಗಳ ಹಾಸುಗಳನ್ನೂ ಬಿಡಿಸಲಾಯಿತು. ವಂಶ ಮತ್ತು ಆಟ ಒಂದೇ ಅರಮನೆಯ ಗೋಡೆಗಳನ್ನು ಹಂಚಿಕೊಂಡವು. 1865ರ ಜೂನ್ 18ರಂದು, ಒಪ್ಪಿಗೆಗೆ ಕಾಯದೆ, ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಬ್ರಿಟಿಷ್ ಸರಕಾರ ಆ ದತ್ತನ್ನು ಮನ್ನಿಸಿದ್ದು 1867ರಲ್ಲಿ. ಮಾರನೆಯ ವರ್ಷ, 1868ರ ಮಾರ್ಚ್ 27ರಂದು, ಕೃಷ್ಣರಾಜರು ತೀರಿಕೊಂಡರು. ಸಿಂಹಾಸನದ ಮೇಲೆ ಸುಮಾರು ಅರವತ್ತೊಂಬತ್ತು ವರ್ಷ ಕುಳಿತಿದ್ದ ಅವರು ತಮ್ಮ ಕೈಯಿಂದ ಆಳಿದ್ದು ಇಪ್ಪತ್ತೊಂದು ವರ್ಷ.

ರಾಜ್ಯ 1881ರ ಮಾರ್ಚ್ 25ರಂದು ದತ್ತುಪುತ್ರನಿಗೆ ಮರಳಿತು. ಮರದ ಹಳೆಯ ಅರಮನೆ 1897ರಲ್ಲಿ ಮದುವೆಯೊಂದರ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಜಗನ್ಮೋಹನ ಅರಮನೆ ಉಳಿಯಿತು. ಮುಂದೆ ಅದು ಚಿತ್ರಶಾಲೆಯಾಯಿತು. ಶ್ರೀತತ್ತ್ವನಿಧಿಯನ್ನು ಮುಂಬಯಿಯ ವೆಂಕಟೇಶ್ವರ ಮುದ್ರಣಾಲಯ ನಾಗರಿ ಲಿಪಿಯಲ್ಲಿ ಅಚ್ಚು ಹಾಕಿತು. ಶತಮಾನ ಕಳೆದ ಬಳಿಕ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಅದರ ನಿಧಿಗಳನ್ನು ಬಣ್ಣದ ಚಿತ್ರಗಳೊಂದಿಗೆ ಹೊರತರತೊಡಗಿತು. ಮೈಸೂರು ಗಂಜೀಫಕ್ಕೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ರಘುಪತಿ ಭಟ್ಟರಂಥ ಕಲಾವಿದರು ದುಂಡನೆಯ ಎಲೆಯ ಮೇಲೆ ಮತ್ತೆ ದೇವತೆಗಳನ್ನು ಬಿಡಿಸಿದ್ದಾರೆ. ಅವುಗಳಿಗೆ ಕುಂಚ ಹಿಡಿದವರ ಹೆಸರೂ ಸೇರುತ್ತಿದೆ.